ಮೀಟರ್ ನೋಡಿ ಕಾರಿನ ವಯಸ್ಸು ಹೇಳಬೇಡಿ

ಪ್ರಶ್ನೆ: ಸರ್, ನಮ್ಮದು 2011ರ ಪೆಟ್ರೋಲ್ ಕಾರು, ಚಿಕ್ಕದು. ಹದಿನಾಲ್ಕು ವರ್ಷವಾದರೂ ಓಡಿರುವುದು ಬರೀ 62,000 ಕಿ.ಮೀ. ಬನಶಂಕರಿಯಿಂದ ಕೋರಮಂಗಲದ ಆಫೀಸಿಗೆ ಹೋಗಿ ಬರೋದು, ಅಷ್ಟೇ. ಪ್ರತಿ 10,000 ಕಿ.ಮೀ.ಗೆ ತಪ್ಪದೆ ಸರ್ವೀಸ್ ಮಾಡಿಸುತ್ತೇನೆ. ಮಗ ಮಾರಿಬಿಡಿ ಅನ್ನುತ್ತಾನೆ. ಇನ್ನೆಷ್ಟು ವರ್ಷ ಬರಬಹುದು?
– ಓದುಗರು, ಬನಶಂಕರಿ

ಉತ್ತರ: ‘ತಪ್ಪದೆ’ ಅಂದಿರಲ್ಲ, ನನ್ನ ತಕರಾರು ಅಲ್ಲೇ ಇರೋದು. ನಿಮ್ಮ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4,400 ಕಿ.ಮೀ. ಆಗುತ್ತದೆ. ಅಂದರೆ ನೀವು ಆಯಿಲ್ ಬದಲಾಯಿಸುತ್ತಿರುವುದು ಎರಡು ವರ್ಷಕ್ಕೂ ಜಾಸ್ತಿ ಆದ ಮೇಲೆ. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ, 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತದೆ. ಆ ಎರಡನೇ ಭಾಗವನ್ನು ಯಾರೂ ಓದಲ್ಲ.

ಬರೀ 62,000 ಅಂತ ಖುಷಿಪಡೋದಕ್ಕೂ ಮುಂಚೆ ಇನ್ನೊಂದು ಲೆಕ್ಕ ಹಾಕೋಣ. ನಮ್ಮ ಟ್ರಾಫಿಕ್ಕಲ್ಲಿ ಗಂಟೆಗೆ 20 ಕಿ.ಮೀ. ಸಿಕ್ಕಿತು ಅಂತ ಇಟ್ಟುಕೊಂಡರೂ (ಸಿಲ್ಕ್ ಬೋರ್ಡ್ ಕಡೆಯವರು ನಗಬೇಡಿ) ನಿಮ್ಮ ಇಂಜಿನ್ 3,100 ಗಂಟೆ ಓಡಿದೆ. ಅಷ್ಟೇ ಹೊತ್ತು ಹೈವೇಲಿ 60ರಲ್ಲಿ ಓಡಿದ್ದರೆ ಮೀಟರ್ 1,86,000 ತೋರಿಸುತ್ತಿತ್ತು! ಸಿಗ್ನಲ್ಲಲ್ಲಿ ನಿಂತಾಗ ಮೀಟರ್ ತಿರುಗಲ್ಲ, ಇಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಕ್ಲಚ್ ಸವೆಯೋದೂ ಹೀಗೆ ನಿಂತು ನಿಂತು ಹೋಗುವಾಗಲೇ. ಇನ್ನು ಮನೆ ಹತ್ತಿರದ ಅಂಗಡಿಗೆ ಅಂತ ಐದು ನಿಮಿಷ ಓಡಿಸಿ ಆಫ್ ಮಾಡಿದರೆ ಆಯಿಲ್ ಪೂರ್ತಿ ಬಿಸಿಯೇ ಆಗಲ್ಲ, ಒಳಗೆ ಕೂತ ತೇವ ಅಲ್ಲೇ ಉಳಿದು ಆಯಿಲ್ ಕೆಡಿಸುತ್ತದೆ.

ಅಮೆರಿಕದ ಇರ್ವ್ ಗಾರ್ಡನ್ ಅನ್ನೋ ಮೇಷ್ಟ್ರು 1966ರ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿದ್ದರು. ಇಂಜಿನ್ ಬಿಚ್ಚಿ ಕಟ್ಟಿಸಿದ್ದೂ ಉಂಟು ಅನ್ನಿ. ಆದರೆ ಆಯಿಲ್ ವಿಷಯದಲ್ಲಿ ಮನುಷ್ಯ ಬಲು ಕಟ್ಟುನಿಟ್ಟು, ಜೊತೆಗೆ ಓಡಿಸಿದ್ದು ಹೆಚ್ಚಾಗಿ ಉದ್ದುದ್ದ ದಾರಿಯಲ್ಲಿ. ನಮಗೆ ಆ ದಾರಿ ಇಲ್ಲ, ಆಯಿಲ್ಲಾದರೂ ಸರಿಯಾಗಿ ಹಾಕೋಣ.

ಸರಿ, ಎಷ್ಟು ವರ್ಷ? ಈಗಿನ ಪೆಟ್ರೋಲ್ ಇಂಜಿನ್ ಚೆನ್ನಾಗಿ ನೋಡಿಕೊಂಡರೆ ಎರಡರಿಂದ ಮೂರು ಲಕ್ಷ ಕಿ.ಮೀ. ಆರಾಮಾಗಿ ಬರುತ್ತದೆ. ನಿಮ್ಮ ಕಾರಿಗೂ ಇನ್ನೊಂದು ಐದು ವರ್ಷ ಕೇಳೋದು ದುರಾಸೆ ಅಲ್ಲ. ಆದರೆ ಮೊದಲು ಒಳ್ಳೆ ಮೆಕ್ಯಾನಿಕ್ ಹತ್ತಿರ ಆಯಿಲ್ ಫಿಲ್ಲರ್ ಮುಚ್ಚಳ ತೆಗೆಸಿ ಒಳಗೆ ಕಪ್ಪು ಗಸಿ ಕಟ್ಟಿದೆಯಾ ನೋಡಿಸಿ. ರಬ್ಬರ್‌ಗೆ ಕಿ.ಮೀ. ಲೆಕ್ಕ ಇಲ್ಲ, ನಿಂತಲ್ಲೇ ಹಳೇದಾಗುತ್ತದೆ, ಹಾಗಾಗಿ ಹೋಸ್, ಬುಶ್, ಇಂಜಿನ್ ಮೌಂಟ್, ಟೈರು ಎಲ್ಲ ನೋಡಿಸಿ. ನಿಮ್ಮ ಇಂಜಿನ್ನಲ್ಲಿ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಬದಲು ಬೆಲ್ಟ್ ಇದ್ದು ಇನ್ನೂ ಬದಲಾಯಿಸಿಲ್ಲ ಅಂದರೆ ಇವತ್ತೇ ಹೊರಡಿ, ಅದು ಓಡುವಾಗ ಕಿತ್ತರೆ ವಾಲ್ವ್ ಬಗ್ಗಿ ಖರ್ಚು ಎಲ್ಲೋ ಹೋಗುತ್ತದೆ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಇದ್ದರೆ ಬಿಡಿ, ಒಳಗೆಲ್ಲ ಸುಣ್ಣ ಕಟ್ಟುತ್ತದೆ, ಕೂಲೆಂಟ್ ಹಾಕಿ.

ಮಾರೋ ವಿಷಯಕ್ಕೆ ನನ್ನ ಲೆಕ್ಕ ಸರಳ. ವರ್ಷದ ರಿಪೇರಿ ಖರ್ಚು ಹೊಸ ಕಾರಿನ ಮೂರ್ನಾಲ್ಕು ತಿಂಗಳ ಇಎಂಐಗಿಂತ ಕಡಿಮೆ ಇರುವವರೆಗೆ ಇಟ್ಟುಕೊಳ್ಳಿ. ಪಾರ್ಟ್ಸ್ ಸಿಗದಿದ್ದರೆ ಮಾತ್ರ ಕಥೆ ಬೇರೆ. ಷೆವರ್ಲೆ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ, ಅಂಥ ಕಾರಿನವರು ಒಂದೊಂದು ಬಿಡಿಭಾಗಕ್ಕೂ ಜೆ.ಸಿ. ರಸ್ತೆ ಅಲೆಯೋದು ನೋಡಿದ್ದೇನೆ, ಇಂಜಿನ್ ಇನ್ನೂ ಗಟ್ಟಿಯಾಗಿಯೇ ಇರುತ್ತದೆ ಪಾಪ.

ಪ್ರಶ್ನೆ: ದೆಹಲಿ ಥರ ಇಲ್ಲೂ 15 ವರ್ಷಕ್ಕೆ ಗುಜರಿಗೆ ಹಾಕಬೇಕಂತೆ, ನಿಜವಾ?
– ಓದುಗರು, ಯಲಹಂಕ

ಉತ್ತರ: ಇಲ್ಲ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅನ್ನೋದು ದೆಹಲಿ ಸುತ್ತಮುತ್ತಲಿನ ಹೊಗೆಗಾಗಿ ಬಂದ ನಿಯಮ. ಇಲ್ಲಿ 15 ವರ್ಷ ತುಂಬಿದ ಸ್ವಂತ ಕಾರನ್ನು ಆರ್‌ಟಿಒದಲ್ಲಿ ತೋರಿಸಿ, ಎಫ್‌ಸಿ (ಕಾರು ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್) ಪಾಸಾದರೆ ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಣ ಆಗುತ್ತದೆ. 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು, ಜೊತೆಗೆ ಹಸಿರು ತೆರಿಗೆ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಎರಡೂ ಚಾಲ್ತಿಯಲ್ಲಿರಲಿ. ಅವಧಿ ಮುಗಿಯುವ ಮೊದಲೇ ಹೋಗಿ.

ಪ್ರಶ್ನೆ: ಮಂಗಳೂರಿನ ಸೋದರಮಾವ ತಮ್ಮ ಹತ್ತು ವರ್ಷದ ಕಾರು ಕೊಡುತ್ತೇನೆ ಅಂತಾರೆ. ತರಬಹುದಾ?
– ಓದುಗರು, ರಾಜಾಜಿನಗರ

ಉತ್ತರ: ಮಾವ ಅಂತ ಮುಲಾಜು ನೋಡಬೇಡಿ, ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಕಡಲ ಗಾಳಿಯ ಉಪ್ಪು, ಮೇಲೆ ಆ ಮಳೆ, ತುಕ್ಕಿಗೆ ಇಷ್ಟು ಸಾಕು. ಈ ವಿಷಯದಲ್ಲಿ ಬೆಂಗಳೂರಿನ ಕಾರುಗಳು ಪುಣ್ಯವಂತರು. ಸ್ಟೆಪ್ನಿ ಇಡುವ ಗುಂಡಿ, ಬಾಗಿಲ ಕೆಳಗಿನ ಅಂಚು, ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪು ನೋಡಿಸಿ. ಬಾಗಿಲಲ್ಲಿ ತುಕ್ಕಿದ್ದರೆ ಟಿಂಕರಿಂಗ್ ಮಾಡಿಸಿಕೊಳ್ಳಬಹುದು. ಸಸ್ಪೆನ್ಷನ್ ಕೂರುವ ಜಾಗದ ತಗಡು ಉದುರುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.