ತಂದೆ ತೀರಿಕೊಂಡ ಮಗುವಿನ ಮನೆತನದ ಹೆಸರು ಬದಲಿಸಲು ಯಾರ ಒಪ್ಪಿಗೆ ಬೇಕು?

ಪ್ರಶ್ನೆ: ನನ್ನ ಪತಿ ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು. ಆಗ ಮಗಳಿಗೆ ಎರಡು ವರ್ಷ. ಕಳೆದ ವರ್ಷ ಮರುಮದುವೆಯಾಗಿ ಹಾಸನಕ್ಕೆ ಬಂದಿದ್ದೇನೆ. ಮಗಳನ್ನು ಒಂದನೇ ತರಗತಿಗೆ ಸೇರಿಸುವ ಮೊದಲು ಅವಳ ಹೆಸರಿನ ಜೊತೆಗಿರುವ ಮೊದಲ ಪತಿಯ ಮನೆತನದ ಹೆಸರನ್ನು ಬಿಟ್ಟು ಈಗಿನ ಮನೆಯ ಹೆಸರನ್ನು ಸೇರಿಸಬೇಕೆಂದಿದ್ದೇವೆ. ತಮ್ಮ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ, ಬದಲಿಸಿದರೆ ಸಕಲೇಶಪುರದ ಕಾಫಿ ತೋಟದಲ್ಲಿ ಅವಳಿಗೆ ಪಾಲಿಲ್ಲ ಎಂದು ಮೊದಲ ಪತಿಯ ತಂದೆ-ತಾಯಿ ಹೇಳುತ್ತಿದ್ದಾರೆ. ತೋಟ ನನ್ನ ಪತಿಯೇ ಕೊಂಡದ್ದು; ಪಹಣಿ ಇನ್ನೂ ಅವರ ಹೆಸರಿನಲ್ಲಿದೆ. ಏನು ಮಾಡಬೇಕು?
— ಓದುಗರು, ಹಾಸನ

ಉತ್ತರ: ಅವರು ಹೇಳುತ್ತಿರುವ ಎರಡು ಮಾತೂ ಸರಿಯಲ್ಲ. ನೀವು ಹಿಂದೂ ಕಾನೂನಿಗೆ ಒಳಪಟ್ಟವರೆಂದು ಭಾವಿಸಿ ಉತ್ತರಿಸುತ್ತಿದ್ದೇನೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಂತೆ ತಂದೆಯ ನಂತರ ಮಗುವಿಗೆ ತಾಯಿಯೇ ಸ್ವಾಭಾವಿಕ ಪೋಷಕಿ; ಮರುಮದುವೆಯಾದ ಮಾತ್ರಕ್ಕೆ ಆ ಸ್ಥಾನ ಹೋಗುವುದಿಲ್ಲ. ನಿಮ್ಮದನ್ನೇ ಹೋಲುವ ಪ್ರಕರಣವೊಂದು ಆಂಧ್ರಪ್ರದೇಶದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಗುವಿಗೆ ಹಳೆಯ ಮನೆತನದ ಹೆಸರನ್ನೇ ಮರಳಿ ಇಡಬೇಕು, ದಾಖಲೆಗಳಲ್ಲಿ ತಾಯಿಯ ಈಗಿನ ಪತಿಯನ್ನು 'ಮಲತಂದೆ' ಎಂದು ತೋರಿಸಬೇಕು ಎಂದು ಹೈಕೋರ್ಟ್ ಆದೇಶಿಸಿತ್ತು. ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಮತ್ತು ಕೃಷ್ಣ ಮುರಾರಿ ಅವರಿದ್ದ ಪೀಠವು 2022ರ ಜುಲೈ 28ರಂದು ಆ ಭಾಗವನ್ನು ರದ್ದುಪಡಿಸಿ, ಮಗುವಿನ ಮನೆತನದ ಹೆಸರನ್ನು ನಿರ್ಧರಿಸುವ ಹಕ್ಕು ತಾಯಿಗಿದೆ ಎಂದಿತು; 'ಮಲತಂದೆ' ಎಂದು ನಮೂದಿಸಬೇಕೆಂಬ ನಿರ್ದೇಶನವನ್ನು, ಮಗುವಿನ ಮನಸ್ಸು ಮತ್ತು ಆತ್ಮಗೌರವದ ಮೇಲಾಗುವ ಪರಿಣಾಮವನ್ನು ಯೋಚಿಸದ, ಹೆಚ್ಚುಕಡಿಮೆ ಕ್ರೂರವಾದ ನಿರ್ದೇಶನವೆಂದು ಕರೆಯಿತು.

ಆದರೆ ಮಗುವಿನ ಹೆಸರು ಬೇರೆ, 'ತಂದೆಯ ಹೆಸರು' ಎಂಬ ಕಾಲಂ ಬೇರೆ. ನಮ್ಮ ಕಡೆ ಮನೆತನದ ಹೆಸರಿಗಿಂತ ಇನಿಷಿಯಲ್‌ ಹೆಚ್ಚು, ಅದರಲ್ಲಿ ಒಂದಕ್ಷರ ಊರಿನದು, ಇನ್ನೊಂದು ತಂದೆಯದು. ಆದ್ದರಿಂದ ಹೆಸರು ಬದಲಿಸಲು ಹೊರಟವರು ಅದೇ ಓಘದಲ್ಲಿ ಶಾಲೆಯ ಅರ್ಜಿಯ ತಂದೆಯ ಕಾಲಮಿನಲ್ಲೂ ಈಗಿನ ಪತಿಯ ಹೆಸರನ್ನೇ ಬರೆಸಿಬಿಡುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಒಬ್ಬ ತಂದೆ, ಶಾಲೆಯ ದಾಖಲಾತಿಯಲ್ಲಿ ಇನ್ನೊಬ್ಬ ತಂದೆ ಎಂದಾದ ಮೇಲೆ, ಮುಂದೆ ಪಾಸ್‌ಪೋರ್ಟಿಗೋ ಖಾತೆ ಬದಲಾವಣೆಗೋ ಹೋದಾಗ ಆ ಎರಡು ಕಾಗದಗಳೇ ಪರಸ್ಪರ ಎದುರಾಳಿಗಳಾಗುತ್ತವೆ. ಜನನ-ಮರಣ ನೋಂದಣಿ ಕಾಯ್ದೆ, 1969ರ 15ನೇ ಕಲಮು ತಪ್ಪಾಗಿ ಬಿದ್ದ ನಮೂದನ್ನು ತಿದ್ದಲು ಅವಕಾಶ ಕೊಡುತ್ತದೆ. ನಿಮ್ಮ ಮಗಳ ತಂದೆಯ ಹೆಸರು ತಪ್ಪಾಗಿ ಬಿದ್ದಿಲ್ಲವಾದ್ದರಿಂದ ಅದನ್ನು ಮುಟ್ಟಬೇಡಿ. ಮಗುವಿನ ಹೆಸರಿನ ವಿಷಯದಲ್ಲಿ, ಉಡುಪಿಯಿಂದ ಬಂದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್, ಹಳೆಯ ಹೆಸರನ್ನು ಉಳಿಸಿಕೊಂಡೇ ಬದಲಾದ ಹೆಸರನ್ನು ಷರಾ (ಪಕ್ಕದ ಟಿಪ್ಪಣಿ) ರೂಪದಲ್ಲಿ ದಾಖಲಿಸುವ ದಾರಿ ತೋರಿಸಿದೆ. ಹುಟ್ಟನ್ನು ನೋಂದಾಯಿಸಿದ ಕಚೇರಿಗೆ ಲಿಖಿತ ಅರ್ಜಿ, ಪತಿಯ ಮರಣ ಪ್ರಮಾಣಪತ್ರ ಮತ್ತು ಹಳೆಯ, ಹೊಸ ಹೆಸರುಗಳೆರಡೂ ಒಂದೇ ಮಗುವಿನವು ಎಂಬ ನೋಟರಿ ಅಫಿಡವಿಟ್ ಕೊಡಿ. ನಿರಾಕರಿಸಿದರೆ ಹಿಂಬರಹವನ್ನು, ಅಂದರೆ ಕಚೇರಿಯ ಲಿಖಿತ ಉತ್ತರವನ್ನು, ಕೇಳಿ ಪಡೆದುಕೊಳ್ಳಿ. ಬಾಯಿಮಾತಿನ 'ಆಗಲ್ಲ' ಎಂಬುದನ್ನು ಪ್ರಶ್ನಿಸಲು ಆಗುವುದಿಲ್ಲ. ಆಧಾರ್ ಮತ್ತು ಶಾಲೆಯ ದಾಖಲೆ ಇದರ ನಂತರದ ಕೆಲಸ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ಬಹಳ ಕಷ್ಟವಾದ್ದರಿಂದ ಶಾಲೆಗೆ ಸೇರಿಸುವ ಮೊದಲೇ ಯೋಚಿಸಿದ್ದು ಒಳ್ಳೆಯದಾಯಿತು.

ಹೆಸರು ಬದಲಿಸಲು ಈಗಿನ ಪತಿ ಮಗುವನ್ನು ದತ್ತು ತೆಗೆದುಕೊಳ್ಳಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ಅವಸರ ಮಾಡಬೇಡಿ. ಹೆಸರಿಗಾಗಿ ದತ್ತಕದ ಅಗತ್ಯವಿಲ್ಲ. ದತ್ತಕವಾದರೆ ಮಗುವಿಗೆ ಅದಾಗಲೇ ಬಂದಿರುವ ಆಸ್ತಿ ಮಗುವಿಗೇ ಉಳಿಯುತ್ತದೆಯಾದರೂ, ಹುಟ್ಟಿದ ಕುಟುಂಬದೊಡನೆ ಕಾನೂನಿನ ಸಂಬಂಧ ಕಡಿಯುವುದರಿಂದ ಮುಂದೆ ಅಜ್ಜ-ಅಜ್ಜಿಯರಿಂದ ಬರಬಹುದಾದ ವಾರಸುದಾರಿಕೆ ತಪ್ಪುತ್ತದೆ. ಬರಿಯ ಹೆಸರು ಬದಲಾವಣೆಗೆ ಇಂಥ ಯಾವ ಪರಿಣಾಮವೂ ಇಲ್ಲ.

ಇನ್ನು ತೋಟ. ಪತಿ ಸ್ವಂತ ಸಂಪಾದನೆಯಿಂದ ಕೊಂಡು, ಉಯಿಲು ಬರೆಯದೆ ತೀರಿಕೊಂಡಿದ್ದರೆ, ನೀವು, ಮಗಳು ಮತ್ತು ಪತಿಯ ತಾಯಿ ಈ ಮೂವರು ಸಮಾನ ವಾರಸುದಾರರು. ನಿಮ್ಮ ಮಾವನವರಿಗೆ ಇದರಲ್ಲಿ ಪಾಲಿಲ್ಲ. ಅತ್ತೆಯವರಿಗೆ ಇದೆ, ಅದನ್ನು ನೀವೂ ಒಪ್ಪಿಕೊಳ್ಳಬೇಕು. ಈ ಹಕ್ಕು ಪತಿ ತೀರಿಕೊಂಡ ದಿನವೇ ಬಂದದ್ದರಿಂದ ನಿಮ್ಮ ಮರುಮದುವೆಯಿಂದಾಗಲಿ ಮಗಳ ಹೊಸ ಹೆಸರಿನಿಂದಾಗಲಿ ಹೋಗುವುದಿಲ್ಲ. ನಾಲ್ಕು ವರ್ಷವಾದರೂ ಪಹಣಿ ಮೃತರ ಹೆಸರಿನಲ್ಲೇ ಇರುವುದು, ನನ್ನ ಮಟ್ಟಿಗೆ, ಹೆಸರಿಗಿಂತ ದೊಡ್ಡ ಚಿಂತೆ. ಮಗಳ ಎಲ್ಲ ದಾಖಲೆಗಳೂ ಹಳೆಯ ಹೆಸರಿನಲ್ಲಿ ಒಂದೇ ರೀತಿ ಇರುವ ಈಗಲೇ ನಾಡಕಚೇರಿಯಿಂದ ವಂಶವೃಕ್ಷ ಪಡೆದು ಪೌತಿ ಖಾತೆಗೆ (ಮೃತರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಅರ್ಜಿ ಹಾಕಿ, ಖಾತೆಯಲ್ಲಿ ಅವಳ ಹೆಸರು 'ಅಪ್ರಾಪ್ತೆ, ಪೋಷಕಿ ತಾಯಿ' ಎಂದು ಕೂರಲಿ. ಹೆಸರು ಬದಲಾವಣೆಯ ಅರ್ಜಿಯನ್ನು ಅದಾದ ಮೇಲೆ ಕೊಡಿ. ಅವಳ ಪಾಲನ್ನು ಮಾರುವುದಾದರೆ ಮಾತ್ರ, ತಾಯಿಯಾದರೂ, ನ್ಯಾಯಾಲಯದ ಪೂರ್ವಾನುಮತಿ ಬೇಕು.