ಭಯ ಇದೆ ಅಂದರೆ ನಂಬಿಕೆ ಇಲ್ಲ ಅಂತಲ್ಲ

ರಾತ್ರಿ ಎದ್ದು ಕೂರುವಷ್ಟು ಎದೆ ಬಡಿದುಕೊಳ್ಳುತ್ತೆ, ಮನೆಯವರಿಗೆ ಏನೋ ಆಗಿಬಿಡುತ್ತೆ ಅನ್ನಿಸುತ್ತೆ, ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡರೆ ‘ನಿಮ್ಮ ನಂಬಿಕೆ ಸಾಲದು’ ಅಂದರು, ಯಾವ ವಾಕ್ಯ ಓದಲಿ ಅಂತ ಕೇಳಿದ್ದೀರಿ. ಹಾಗಂದವರು ಸತ್ಯವೇದವನ್ನು, ಅಂದರೆ ಬೈಬಲನ್ನು, ಪೂರ್ತಿ ಓದಿದ್ದಾರಾ ಅಂತ ನನಗೆ ಅನುಮಾನ.

ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ಫಿಲಿಪ್ಪಿ ಊರಿನ ಸಭೆಯವರಿಗೆ ಸೆರೆಯಲ್ಲಿದ್ದುಕೊಂಡು ಬರೆದವನು ಅಪೊಸ್ತಲ ಪೌಲ. ಅದೇ ಪೌಲ 2 ಕೊರಿಂಥ 7ರಲ್ಲಿ, ಮಕೆದೋನ್ಯಕ್ಕೆ ಬಂದಾಗ ನಮಗೆ ನೆಮ್ಮದಿಯೇ ಇರಲಿಲ್ಲ, ಹೊರಗೆ ಜಗಳ, ಒಳಗೆ ಭಯ ಅನ್ನುತ್ತಾನೆ. ದೇವರು ಅವನನ್ನು ಸಂತೈಸಿದ್ದು ಹೇಗೆ ಗೊತ್ತೇ? ತೀತನನ್ನು ಕಳಿಸಿ. ಗೆಳೆಯ ಬಂದ, ಒಳ್ಳೆ ಸುದ್ದಿ ತಂದ, ಅಷ್ಟೇ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ಪ್ರಾಣ ಹೋಗುವಷ್ಟು ದುಃಖವಾಗಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಶಿಷ್ಯರನ್ನು ಕೇಳಿಕೊಂಡರು. ಯೇಸುಸ್ವಾಮಿಗೂ ನಂಬಿಕೆ ಸಾಲದಾಗಿತ್ತು ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ನನಗೆ ಆಸರೆಯಾದದ್ದು ಪ್ರವಾದಿ ಎಲೀಯನ ಕಥೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಬೀದಿಯಲ್ಲೇ ಸಾವುಗಳಾದವು. ಆಮೇಲೆ ಬಹಳ ಕಾಲ ಹೊತ್ತಲ್ಲದ ಹೊತ್ತಲ್ಲಿ ಫೋನ್ ರಿಂಗಾದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಆಗ ನಮ್ಮ ಸಭೆಯ ಅಯ್ಯನವರು ಯಾವ ಪ್ರಸಂಗವನ್ನೂ ಮಾಡದೆ 1 ಅರಸುಗಳು 19 ಓದಮ್ಮಾ ಅಂದರು.

ಹಿಂದಿನ ಅಧ್ಯಾಯದಲ್ಲಿ ಈ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳ್ ಅನ್ನೋ ಅನ್ಯದೇವರ 450 ಪ್ರವಾದಿಗಳ ಎದುರು ಒಬ್ಬನೇ ನಿಂತವನು. ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು. ಅಂಥವನು ಈಜೆಬೆಲ್ ರಾಣಿ ಕಳಿಸಿದ ಒಂದು ಬೆದರಿಕೆ ಮಾತಿಗೆ ಬೇರ್ಷೆಬದವರೆಗೆ ಓಡಿದ, ಆಳನ್ನೂ ಅಲ್ಲೇ ಬಿಟ್ಟು ಅಡವಿ ಸೇರಿದ. ಒಂದು ಗಿಡದ ಕೆಳಗೆ ಕೂತು ‘ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ’ ಅಂದು ಮಲಗಿಬಿಟ್ಟ. ದೇವರು ಬೈಯಲಿಲ್ಲ. ನಿನ್ನೆ ಮೊನ್ನೆ ಬೆಂಕಿ ನೋಡಿದೆಯಲ್ಲ, ಈಗೇನಾಯಿತು ಅಂತಲೂ ಕೇಳಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು, ಎದ್ದು ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ‘ಇಲ್ಲೇನು ಮಾಡುತ್ತಿದ್ದೀ’ ಅನ್ನೋ ದೇವರ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ. ನಾನೊಬ್ಬನೇ ಉಳಿದಿದ್ದೇನೆ ಅಂತ ಅವನು ಗೋಳಾಡಿದಾಗ, ಇನ್ನೂ 7000 ಮಂದಿ ಇದ್ದಾರೆ ಅಂತ ಹೇಳಿ, ಜೊತೆಗೆ ಎಲೀಷನನ್ನೂ ಕೊಟ್ಟರು. ಊಟ, ನಿದ್ದೆ, ಆಮೇಲೆ ಮಾತು, ಆಮೇಲೆ ಜೊತೆಗಾರ. ಆ ಕ್ರಮ ನೋಡಿ.

ಇನ್ನೊಂದು ಮಾತು. ಭಯಕ್ಕೆ ಎಲ್ಲರೂ ಮೊದಲು ಬರೆದುಕೊಡೋದು ಕೀರ್ತನೆ 91. ಕೆಲವರು ಅದನ್ನು ತಾಯಿತದ ಹಾಗೆ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಆದರೆ ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಯೇಸುವನ್ನು ಪುಸಲಾಯಿಸುವಾಗ ಸೈತಾನ ಎತ್ತಿ ಆಡಿದ್ದೂ ಇದೇ ಕೀರ್ತನೆಯ ಮಾತು (ಮತ್ತಾಯ 4). ಹಾಗಾಗಿ ಇದನ್ನು ಓದಿದರೆ ಏನೂ ಕೆಟ್ಟದ್ದಾಗಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ‘ಭಯಪಡಬೇಡ’ ಅನ್ನೋದು ಬೈಬಲಿನಲ್ಲಿ ಸರಿಯಾಗಿ 365 ಸಲ ಇದೆ ಅಂತ ವಾಟ್ಸಾಪಿನಲ್ಲಿ ಓಡಾಡೋದೂ ಹಾಗೇ, ಎಣಿಸಿದರೆ ಅಷ್ಟು ಸಿಗಲ್ಲ.

ನಡುರಾತ್ರಿ ಇಡೀ ಅಧ್ಯಾಯ ಓದೋ ಚೈತನ್ಯ ಯಾರಿಗಿರುತ್ತೆ? ಕೀರ್ತನೆ 56ರ 3ನೇ ವಚನ ಸಾಕು: ಹೆದರಿಕೆ ಬಂದಾಗ ನಿನ್ನನ್ನೇ ಆಶ್ರಯಿಸುತ್ತೇನೆ. ಅದರ ತಲೆಬರಹ ಹೇಳುವಂತೆ, ದಾವೀದ ಗತ್ ಊರಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕ ಹೊತ್ತಿನದು. ಗತ್‌ನಲ್ಲೇ ಅವನು ಭಯಕ್ಕೆ ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡು ಹುಚ್ಚನ ಹಾಗೆ ನಟಿಸಿದ್ದ, 1 ಸಮುವೇಲ 21ರಲ್ಲಿದೆ. ನಾನು ಮೊದಲರ್ಧವನ್ನು ಉಸಿರು ಎಳೆದುಕೊಳ್ಳುತ್ತಾ, ಉಳಿದರ್ಧವನ್ನು ನಿಧಾನಕ್ಕೆ ಬಿಡುತ್ತಾ ಹೇಳಿಕೊಳ್ಳುತ್ತೇನೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಅದೂ ಆಗದ ರಾತ್ರಿ ನೀರಲ್ಲಿ ಮುಳುಗುತ್ತಿದ್ದ ಪೇತ್ರ ಕೂಗಿದ್ದೇ ಸಾಕು: ‘ಸ್ವಾಮೀ, ಕಾಪಾಡು’.

ಇಷ್ಟಾದರೂ ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಎದೆಬಡಿತಕ್ಕೆ ದೇಹದ್ದೇ ಕಾರಣ ಇರಬಹುದು, ಥೈರಾಯ್ಡ್ ಜಾಸ್ತಿಯಾದರೂ ಹೀಗಾಗುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗಿದರೆ ದೇವರನ್ನು ನಂಬಿಲ್ಲ ಅನ್ನೋರಿಗೆ, ಸುವಾರ್ತೆ ಬರೆದ ಲೂಕನನ್ನು ಪೌಲ ‘ಪ್ರಿಯ ವೈದ್ಯ’ ಅಂತ ಕರೆದದ್ದನ್ನು ತೋರಿಸಿ, ಕೊಲೊಸ್ಸೆ 4:14.

ಆ ಕೂಟದವರಲ್ಲಿ ಎಲ್ಲರಿಗೂ ಹೇಳಿಕೊಳ್ಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಬೇಜಾರಿಲ್ಲದೆ ಎತ್ತುವವರು ಒಬ್ಬರನ್ನು ಹುಡುಕಿಕೊಳ್ಳಿ, ಈ ವಾರವೇ.