ವಿಆರ್ ಮತ್ತು ಕೃತಕ ಬುದ್ಧಿಮತ್ತೆಯಿಂದ ವಿಡಿಯೋ ಗೇಮ್‌ಗಳು ನಿಜಕ್ಕೂ ಬದಲಾಗುತ್ತಿವೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ವರ್ಚುವಲ್ ರಿಯಾಲಿಟಿ (ವಿಆರ್, ಎಂದರೆ ಕಣ್ಣೆದುರು ಪರದೆಯಿರುವ ಹೆಡ್‌ಸೆಟ್ ತಲೆಗೆ ಹಾಕಿಕೊಂಡು ಆಟದ ಲೋಕದೊಳಗೇ ನಿಂತಂತೆ ಆಡುವುದು) ಮತ್ತು ಕೃತಕ ಬುದ್ಧಿಮತ್ತೆ ಸೇರಿ ಗೇಮ್‌ಗಳ ಸ್ವರೂಪವನ್ನೇ ಬದಲಾಯಿಸುತ್ತಿವೆ ಎಂಬ ಮಾತಿನಲ್ಲಿ ನಿಜವೆಷ್ಟು, ಪ್ರಚಾರವೆಷ್ಟು ಎಂಬುದು ಒಂದು. ಅದನ್ನು ನಂಬಿ ಈಗಲೇ ಹೆಡ್‌ಸೆಟ್ ಕೊಳ್ಳಬಹುದೇ ಎಂಬುದು ಇನ್ನೊಂದು. ಗೇಮ್‌ಗಳಲ್ಲಿ ಬರುವ ಶತ್ರುಗಳು, ಕಾವಲುಗಾರರು ಮುಂತಾದ ಪಾತ್ರಗಳ ನಡವಳಿಕೆಗೆ ಪ್ರೋಗ್ರಾಂ ಬರೆಯುವುದು ನನ್ನ ಕಸುಬು. ನಡುವೆ ಎರಡು ವರ್ಷ ಒಂದು ವಿಆರ್ ಗೇಮ್‌ಗೂ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಬದಲಾವಣೆ ನಿಜ, ಆದರೆ ಪ್ರಚಾರದ ವಿಡಿಯೋಗಳು ಬೆರಳು ತೋರಿಸುವ ಕಡೆ ಅದು ಅಷ್ಟಾಗಿ ಇಲ್ಲ. ವಿಆರ್‌ನಲ್ಲಿ ಅದು ಕಣ್ಣಿಗಿಂತ ಹೆಚ್ಚಾಗಿ ಕೈಗೆ ಗೊತ್ತಾಗುತ್ತದೆ. ಕೃತಕ ಬುದ್ಧಿಮತ್ತೆಯದು ಬಹುಪಾಲು ಆಟಗಾರ ಗಮನಿಸದ ಒಳಕೆಲಸಗಳಲ್ಲಿ ನಡೆದಿದೆ.

ವಿಆರ್ ಹೊಸದೇನಲ್ಲ. ತಲೆಗೆ ಕಟ್ಟಿಕೊಳ್ಳುವ ಪರದೆಯನ್ನು ಐವನ್ ಸದರ್ಲ್ಯಾಂಡ್ 1968ರಲ್ಲೇ ಮಾಡಿ ತೋರಿಸಿದ್ದರು. 1995ರಲ್ಲಿ ನಿಂಟೆಂಡೊ ಕಂಪನಿ ವರ್ಚುವಲ್ ಬಾಯ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕೆಂಪು ಬಣ್ಣವೊಂದನ್ನೇ ತೋರಿಸುತ್ತಿದ್ದ ಅದು ಹೆಚ್ಚು ದಿನ ಬಾಳಲಿಲ್ಲ. ಮುಂದೆ ಸ್ಮಾರ್ಟ್‌ಫೋನ್‌ಗಳಿಂದಾಗಿ ಸಣ್ಣ ಪರದೆಗಳೂ ಚಲನೆಯನ್ನು ಅಳೆಯುವ ಸೆನ್ಸರ್‌ಗಳೂ ಅಗ್ಗವಾದವು. 2012ರಲ್ಲಿ ಆಕ್ಯುಲಸ್ ಎಂಬ ಹೆಡ್‌ಸೆಟ್ ಕಂಪನಿ ಜನರಿಂದ ಹಣ ಸಂಗ್ರಹಿಸಿ ಕೆಲಸ ಆರಂಭಿಸಿತು, 2014ರಲ್ಲಿ ಫೇಸ್‌ಬುಕ್ ಅದನ್ನು ಸುಮಾರು 200 ಕೋಟಿ ಡಾಲರ್‌ಗೆ ಕೊಂಡುಕೊಂಡಿತು, 2016ರಲ್ಲಿ ರಿಫ್ಟ್, ವೈವ್ ಮತ್ತು ಪ್ಲೇಸ್ಟೇಷನ್ ವಿಆರ್ ಎಂಬ ಮೂರು ಹೆಡ್‌ಸೆಟ್‌ಗಳು ಬಂದವು. ಕಂಪ್ಯೂಟರಿಗೆ ವೈರ್ ಜೋಡಿಸದೆ ತಾನೇ ನಡೆಯುವ ಕ್ವೆಸ್ಟ್ 2019ರಲ್ಲಿ ಬಂದ ಮೇಲೆ ವಿಆರ್ ಸಾಮಾನ್ಯ ಆಟಗಾರನ ಕೈಗೂ ಎಟುಕಿತು.

ಇದರಿಂದ ಆಟದಲ್ಲಿ ಏನು ಬದಲಾಯಿತು ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಬಂದೂಕಿಗೆ ಗುಂಡು ತುಂಬುವುದು. ಸಾಮಾನ್ಯ ಶೂಟಿಂಗ್ ಗೇಮ್‌ನಲ್ಲಿ ಅದು ಒಂದು ಬಟನ್ನಿನ ಕೆಲಸ. ಬಟನ್ ಒತ್ತಿ ಅರೆಕ್ಷಣ ಕಾದರೆ ಮುಗಿಯಿತು. 2020ರಲ್ಲಿ ವಿಆರ್‌ಗೆಂದೇ ಬಂದ ಹಾಫ್-ಲೈಫ್: ಅಲಿಕ್ಸ್‌ನಲ್ಲಿ ಪಿಸ್ತೂಲಿನ ಖಾಲಿ ಮ್ಯಾಗಜಿನ್ (ಗುಂಡುಗಳ ಡಬ್ಬಿ) ಕೆಳಗೆ ಬೀಳಿಸಬೇಕು, ಕೈಯನ್ನು ಭುಜದ ಹಿಂದಕ್ಕೆ ಚಾಚಿ ಹೊಸದನ್ನು ತೆಗೆಯಬೇಕು, ಅದನ್ನು ಹಿಡಿಯೊಳಗೆ ಸೇರಿಸಿ, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಬಿಡಬೇಕು. ಸುಮ್ಮನೆ ನಿಂತು ಅಭ್ಯಾಸ ಮಾಡುವಾಗ ಇದು ಸಲೀಸು. ಕತ್ತಲ ಕಾರಿಡಾರಿನಲ್ಲಿ ಶತ್ರುವೊಂದು ತೆವಳುತ್ತ ಹತ್ತಿರ ಬರುವಾಗ ಮಾತ್ರ ಮ್ಯಾಗಜಿನ್ ಕೈ ಜಾರಿ ಕೆಳಗೆ ಬೀಳುತ್ತದೆ, ಇಲ್ಲವೇ ಮೇಲ್ಭಾಗ ಎಳೆಯುವುದೇ ಮರೆತುಹೋಗುತ್ತದೆ. ಇಪ್ಪತ್ತು ವರ್ಷಗಳಿಂದ ಬಂದೂಕಿನ ಆಟ ಆಡಿಕೊಂಡು ಬಂದ ನನಗೆ ಕೈ ನಡುಗಿದ್ದು ಅದೇ ಮೊದಲು. ಅಲ್ಲಿಯವರೆಗೆ ಚಿತ್ರ ಮತ್ತು ಸದ್ದುಗಳ ಮೂಲಕ ಹುಟ್ಟುತ್ತಿದ್ದ ಭಯ, ಇಲ್ಲಿ ನಮ್ಮದೇ ಕೈಯ ಅಂಕೆ ತಪ್ಪುವುದರಿಂದ ಹುಟ್ಟುತ್ತದೆ.

ಅದೇ ಗೇಮ್‌ನ ಆರಂಭದಲ್ಲಿ ಒಂದು ಕಿಟಕಿಯ ಗಾಜು ಮತ್ತು ಕೆಲವು ಮಾರ್ಕರ್ ಪೆನ್ನುಗಳಿವೆ. ಅವುಗಳಿಂದ ಕಥೆಗೆ ಯಾವ ಪ್ರಯೋಜನವೂ ಇಲ್ಲ. ನಾನಂತೂ ಕಥೆಯನ್ನು ಮುಂದುವರಿಸದೆ ಗಾಜಿನ ಮೇಲೆ ನನ್ನ ಹೆಸರು ಬರೆದು, ಅಳಿಸಿ, ಮತ್ತೆ ಬರೆಯುತ್ತ ಕೂತೆ. ಅಕ್ಷರ ನನ್ನದೇ ವಕ್ರ ಬರಹದಲ್ಲಿ ಮೂಡಿತ್ತು.

ಆದರೆ ಯಾವ ದೇಹ ವಿಆರ್‌ಗೆ ಬಲ ಕೊಟ್ಟಿತೋ ಅದೇ ದೇಹ ಅದಕ್ಕೆ ತೊಡಕೂ ಆಗಿದೆ. ಟಿವಿಯ ಮುಂದೆ ಕುಳಿತು ಆಡುವಾಗ ಸೆಕೆಂಡಿಗೆ 30 ಫ್ರೇಮ್, ಎಂದರೆ 30 ಬಿಡಿ ಚಿತ್ರ, ಸಿಕ್ಕಿದರೂ ನಡೆಯುತ್ತದೆ. ಹೆಡ್‌ಸೆಟ್‌ನಲ್ಲಿ ಸಾಮಾನ್ಯವಾಗಿ 90 ಫ್ರೇಮ್ ಗುರಿ ಇಟ್ಟುಕೊಳ್ಳುತ್ತಾರೆ. ಎಂದರೆ ಎರಡು ಕಣ್ಣುಗಳಿಗೂ ಬೇರೆ ಬೇರೆ ಚಿತ್ರವನ್ನು ಸುಮಾರು 11 ಮಿಲಿಸೆಕೆಂಡಿನೊಳಗೆ ಬರೆದು ಮುಗಿಸಬೇಕು. ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗಿದ್ದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರ ಬೀಳಬಾರದು ಎಂಬುದು ಈ ಕ್ಷೇತ್ರದಲ್ಲಿ ಬೇರೂರಿದ ಲೆಕ್ಕ. ಇಷ್ಟೆಲ್ಲ ಸರಿಯಾಗಿದ್ದರೂ ಇನ್ನೊಂದು ತೊಂದರೆ ಉಳಿಯುತ್ತದೆ: ಆಟದಲ್ಲಿ ನೀವು ಓಡುತ್ತಿದ್ದೀರಿ ಎಂದು ಕಣ್ಣು ಹೇಳುತ್ತದೆ, ನಿಂತಲ್ಲೇ ನಿಂತಿದ್ದೀರಿ ಎಂದು ಒಳಗಿವಿಯ ಸಮತೋಲನದ ಅಂಗ ಹೇಳುತ್ತದೆ, ಈ ಜಗಳದಲ್ಲಿ ಹೊಟ್ಟೆ ತೊಳಸತೊಡಗುತ್ತದೆ. ಬಸ್ಸಿನಲ್ಲಿ ಪುಸ್ತಕ ಓದುವವರಿಗೆ ಆಗುವ ಸಂಕಟದ್ದೇ ಇನ್ನೊಂದು ರೂಪ ಇದು.

ಹೀಗಾಗಿ ವಿನ್ಯಾಸಕಾರರು ಆಟಗಳನ್ನೇ ಬೇರೆ ರೀತಿ ಕಟ್ಟಬೇಕಾಯಿತು. ಓಡುವ ಬದಲು ಬೇಕಾದ ಜಾಗಕ್ಕೆ ನೆಗೆದು ಪ್ರತ್ಯಕ್ಷವಾಗುವ ವ್ಯವಸ್ಥೆ, ಚಲಿಸುವಾಗ ನೋಟದ ಅಂಚುಗಳನ್ನು ಕಪ್ಪಾಗಿಸುವ ಉಪಾಯ, ಆಟಗಾರನನ್ನು ವಿಮಾನದ ಕಾಕ್‌ಪಿಟ್ಟಿನಲ್ಲಿ ಕೂರಿಸುವ ಆಟಗಳು, ಎಲ್ಲವೂ ಈ ಕಾರಣದಿಂದಲೇ ಬಂದವು. ಸಂಗೀತದ ತಾಳಕ್ಕೆ ಘನಾಕೃತಿಗಳನ್ನು ಕತ್ತಿಯಿಂದ ಸೀಳುವ ಬೀಟ್ ಸೇಬರ್ ಅಷ್ಟೊಂದು ಜನಪ್ರಿಯವಾಗಲು ಅದರ ಸಂಗೀತ ಮಾತ್ರವೇ ಕಾರಣವಲ್ಲ ಎಂದು ನನ್ನ ಎಣಿಕೆ. ಅದರಲ್ಲಿ ಆಟಗಾರ ನಿಂತಲ್ಲೇ ನಿಲ್ಲುತ್ತಾನೆ, ಘನಾಕೃತಿಗಳೇ ಅವನತ್ತ ತೇಲಿ ಬರುತ್ತವೆ, ಹಾಗಾಗಿ ಕಣ್ಣಿಗೂ ಕಿವಿಗೂ ಜಗಳ ಹುಟ್ಟುವುದಿಲ್ಲ. ಇನ್ನು ತೂಕದ ಸಮಸ್ಯೆಗೆ ಇಂದಿಗೂ ಒಳ್ಳೆಯ ಪರಿಹಾರ ಸಿಕ್ಕಿಲ್ಲ. ಆಟದಲ್ಲಿ ಕಬ್ಬಿಣದ ಪೆಟ್ಟಿಗೆ ಎತ್ತಿದರೂ ಕೈಯಲ್ಲಿರುವುದು ಅದೇ ಹಗುರ ಕಂಟ್ರೋಲರ್. ನಮ್ಮ ಗೇಮ್ ಪರೀಕ್ಷಿಸುತ್ತಿದ್ದ ಒಬ್ಬರು ಆಟದೊಳಗಿನ ಮೇಜಿಗೆ ಕೈಯೂರಿ ಆತುಕೊಳ್ಳಲು ಹೋಗಿ ನೆಲಕ್ಕೆ ಬಿದ್ದರು. ನಮ್ಮ ಕಲಾವಿದರಿಗೆ ಅದೊಂದು ಪ್ರಶಂಸೆಯೇ ಆಗಿತ್ತು, ಬಿದ್ದವರಿಗೆ ಹಾಗನ್ನಿಸಲಿಲ್ಲ.

ಇನ್ನು ಕೃತಕ ಬುದ್ಧಿಮತ್ತೆ. ನಮ್ಮ ಕಸುಬಿನಲ್ಲಿ ‘ಎಐ’ ಎಂಬ ಮಾತು ಹಲವು ದಶಕಗಳಿಂದ ಇದೆ, ಆದರೆ ಅದಕ್ಕೆ ಕಲಿಯುವ ಯಂತ್ರ ಎಂಬ ಅರ್ಥ ಇರಲಿಲ್ಲ. 1980ರ ಪ್ಯಾಕ್-ಮ್ಯಾನ್‌ನಲ್ಲಿ ಕೆಂಪು ಭೂತ ನೇರವಾಗಿ ಆಟಗಾರನ ಬೆನ್ನು ಹತ್ತುತ್ತದೆ, ಗುಲಾಬಿ ಭೂತ ಅವನಿಗಿಂತ ನಾಲ್ಕು ಮನೆ ಮುಂದಿನ ಜಾಗಕ್ಕೆ ಗುರಿಯಿಡುತ್ತದೆ. ಇಷ್ಟೇ ನಿಯಮದಿಂದ, ಎರಡೂ ಮಾತಾಡಿಕೊಂಡು ತನ್ನನ್ನು ಸುತ್ತುವರಿಯುತ್ತಿವೆ ಎಂದು ಆಟಗಾರನಿಗೆ ಅನ್ನಿಸುತ್ತದೆ. 2005ರ ಫಿಯರ್ ಎಂಬ ಗೇಮ್‌ನ ಸೈನಿಕರು ಗುರಿಗೆ ತಕ್ಕಂತೆ ತಮ್ಮ ಹೆಜ್ಜೆಗಳನ್ನು ತಾವೇ ಯೋಜಿಸಿಕೊಳ್ಳುತ್ತಿದ್ದರು. ಆದರೂ ಅವರು ಒಟ್ಟಾಗಿ ಯೋಚಿಸುತ್ತಾರೆಂಬ ಭಾವನೆ ಬರುತ್ತಿದ್ದುದು ಬಹುಮಟ್ಟಿಗೆ ಅವರು ಪರಸ್ಪರ ಕೂಗಿ ಹೇಳುವ ಮಾತುಗಳಿಂದ, ಮತ್ತು ಆ ಮಾತುಗಳನ್ನು ಇಟ್ಟಿದ್ದು ಆಟಗಾರನ ಕಿವಿಗಾಗಿ.

ನಿಜಕ್ಕೂ ಕಲಿಯುವ ಯಂತ್ರಗಳು ಆಮೇಲೆ ಬಂದವು. ಆಲ್ಫಾಗೋ ಎಂಬ ಪ್ರೋಗ್ರಾಂ 2016ರಲ್ಲಿ ಗೋ ಎಂಬ ಮಣೆಯಾಟದ ಅಗ್ರ ಆಟಗಾರ ಲೀ ಸೆಡಾಲ್ ಅವರನ್ನು 4–1ರಿಂದ ಸೋಲಿಸಿತು; 2019ರಲ್ಲಿ ಓಪನ್‌ಎಐ ಫೈವ್ ಎಂಬ ಇನ್ನೊಂದು ಪ್ರೋಗ್ರಾಂ ಡೋಟಾ 2 ಗೇಮ್‌ನ ವಿಶ್ವ ಚಾಂಪಿಯನ್ ತಂಡವನ್ನು ಮಣಿಸಿತು. ಸುದ್ದಿ ದೊಡ್ಡದೇ. ಆದರೂ ನಾವು ನೀವು ಆಡುವ ಗೇಮ್‌ಗಳಲ್ಲಿ ಅಂಥ ಎದುರಾಳಿಗಳು ಕಾಣಿಸಿಕೊಂಡಿದ್ದು ತೀರ ಕಡಿಮೆ, ಏಕೆಂದರೆ ನಮ್ಮ ಕಸುಬಿನಲ್ಲಿ ಎದುರಾಳಿಗೆ ಇರುವ ಕೆಲಸ ಚೆನ್ನಾಗಿ ಹೋರಾಡಿ ಕೊನೆಗೆ ಸೋಲುವುದು. ನಾನೊಮ್ಮೆ ಕಾವಲುಗಾರರ ಗುರಿಯನ್ನು ಬಹಳ ನಿಖರಗೊಳಿಸಿದ್ದೆ. ಆಡಿದವರೆಲ್ಲ ಇದು ಮೋಸ ಎಂದರು. ಆಮೇಲೆ ಒಂದೇ ನಿಯಮ ಸೇರಿಸಿದೆ: ಕಾವಲುಗಾರನ ಮೊದಲ ಗುಂಡು ಯಾವಾಗಲೂ ತಪ್ಪಬೇಕು, ಆದರೆ ಆಟಗಾರನ ಕಣ್ಣಿಗೆ ಬೀಳುವಂತೆ ಪಕ್ಕದ ಗೋಡೆಗೆ ತಾಗಬೇಕು. ಮುಂದಿನ ವಾರ ಅದೇ ಜನ, ಕಾವಲುಗಾರರು ಮೊದಲಿಗಿಂತ ಚುರುಕಾಗಿದ್ದಾರೆ ಎಂದು ಬರೆದುಕೊಟ್ಟರು!

ಇದಕ್ಕೆ ಒಂದು ಒಳ್ಳೆಯ ಅಪವಾದವೆಂದರೆ ಸೋನಿಯ ಸಂಶೋಧಕರು ರೇಸಿಂಗ್‌ಗಾಗಿ ರೂಪಿಸಿದ ಜಿಟಿ ಸೋಫಿ. ಅದರ ವಿವರ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು, 2023ರಲ್ಲಿ ಗ್ರ್ಯಾನ್ ಟುರಿಸ್ಮೊ 7ರ ಆಟಗಾರರಿಗೂ ಅದು ಸಿಕ್ಕಿತು. ವೇಗವಾಗಿ ಓಡಿಸುವುದರ ಜೊತೆಗೆ ಅದಕ್ಕೆ ಶಿಷ್ಟಾಚಾರವನ್ನೂ ಕಲಿಸಬೇಕಾಯಿತು: ಪಕ್ಕದ ಕಾರಿಗೆ ಗುದ್ದಿದರೆ ಅಂಕ ಕಳೆಯಬೇಕು, ಆದರೆ ಗುದ್ದಿಬಿಡುತ್ತೇನೆಂದು ಹೆದರಿ ದಾರಿ ಬಿಟ್ಟುಕೊಡುವಷ್ಟು ಸಾಧುವಾಗಲೂ ಬಾರದು.

ಈಗ ಎಲ್ಲರೂ ಕೇಳುವುದು ಮಾತಾಡುವ ಪಾತ್ರಗಳ ಬಗ್ಗೆ. ಬರೆದಿಟ್ಟ ನಾಲ್ಕು ಸಾಲುಗಳ ಬದಲು, ಭಾಷಾ ಮಾದರಿಯ (ಚಾಟ್‌ಬಾಟ್‌ಗಳ ಹಿಂದಿರುವ, ತಾನೇ ವಾಕ್ಯ ಕಟ್ಟುವ ಪ್ರೋಗ್ರಾಂ) ನೆರವಿನಿಂದ ನೀವು ಕೇಳಿದ್ದಕ್ಕೆಲ್ಲ ಉತ್ತರಿಸುವ ಪಾತ್ರವಿದ್ದರೆ ಹೇಗೆ ಎಂಬ ಆಸೆ ನಮಗೂ ಇತ್ತು. ಪ್ರಯೋಗಕ್ಕೆಂದು ಒಬ್ಬ ಕಮ್ಮಾರನನ್ನು ಮಾಡಿದೆವು. ಆಟ ಪರೀಕ್ಷಿಸುತ್ತಿದ್ದವರು ಹಿತ್ತಲ ಬಾಗಿಲಿನ ಬೀಗದಕೈ ಎಲ್ಲಿದೆ ಎಂದು ಕೇಳಿದಾಗ ಅವನು ಬಹಳ ವಿಶ್ವಾಸದಿಂದ, ‘ಬಾವಿಕಟ್ಟೆಯ ಮೇಲೆ ಇಟ್ಟಿದ್ದೇನೆ, ಒಣಗಿದ ಎಲೆಗಳನ್ನು ಸರಿಸಿ ನೋಡಿ’ ಎಂದ. ಆ ಊರಿನಲ್ಲಿ ನಾವು ಬಾವಿಯನ್ನೇ ಮಾಡಿರಲಿಲ್ಲ. ಪಾಪ, ಅವರು ಇಪ್ಪತ್ತು ನಿಮಿಷ ಬಾವಿ ಹುಡುಕಿದರು. ಗೇಮ್‌ನಲ್ಲಿ ಒಂದು ಪಾತ್ರ ಹೇಳುವ ಮಾತು ಆ ಲೋಕದ ಬಗ್ಗೆ ಆಟಗಾರನಿಗೆ ಸಿಗುವ ಆಧಾರ. ಅದು ಸುಳ್ಳಾದರೆ ಮಿಕ್ಕ ಮಾತುಗಳನ್ನೂ ಅವನು ನಂಬುವುದಿಲ್ಲ. ಮಾದರಿಗೆ ಆ ಊರಿನಲ್ಲಿರುವ ಸಾಮಗ್ರಿಯ ಪಟ್ಟಿ ಕೊಟ್ಟು ಕಡಿವಾಣ ಹಾಕಿದೆವು, ಸುಳ್ಳು ಬಹಳ ಕಡಿಮೆಯಾಯಿತು, ಜೊತೆಗೆ ಕಮ್ಮಾರನ ಮಾತಿನ ಸೊಗಸೂ ಹೋಯಿತು. ಕೊನೆಗೆ ನಮ್ಮ ಬರಹಗಾರ್ತಿ ಕೂತು ಬರೆದ ಹದಿನಾಲ್ಕು ಸಾಲುಗಳೇ ಗೇಮ್‌ನಲ್ಲಿ ಉಳಿದವು. ಮಾತುಕತೆಯನ್ನೇ ಕೇಂದ್ರವಾಗಿಟ್ಟುಕೊಂಡ, ಪಾತ್ರಗಳು ಸುಳ್ಳು ಹೇಳುವುದೇ ಸಹಜವಾದ ವಿಚಾರಣೆಯಂಥ ಆಟಗಳಲ್ಲಿ ಇದು ಫಲ ಕೊಡಬಹುದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೃತಕ ಬುದ್ಧಿಮತ್ತೆ ನಿಜವಾಗಿ ನೆಲೆಯೂರಿರುವುದು ಚಿತ್ರ ಮೂಡಿಸುವ ಕೆಲಸದಲ್ಲಿ. ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್‌ವಿಡಿಯಾ 2018ರಲ್ಲಿ ಪ್ರಕಟಿಸಿದ ಡಿಎಲ್‌ಎಸ್‌ಎಸ್ ತಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಕಡಿಮೆ ಪಿಕ್ಸೆಲ್‌ಗಳ ಚಿತ್ರ ಬರೆಯುತ್ತದೆ, ಉದಾಹರಣೆಗಳಿಂದ ಕಲಿತ ನ್ಯೂರಲ್ ನೆಟ್‌ವರ್ಕ್ ಎಂಬ ಪ್ರೋಗ್ರಾಂ ಉಳಿದ ವಿವರಗಳನ್ನು ತುಂಬುತ್ತದೆ. 2022ರಲ್ಲಿ ಇಡೀ ಫ್ರೇಮ್‌ಗಳನ್ನೇ ನಡುನಡುವೆ ಸೃಷ್ಟಿಸುವ ಆವೃತ್ತಿ ಬಂತು. 2025ರ ಆವೃತ್ತಿ ಲೆಕ್ಕಹಾಕಿ ಬರೆದ ಒಂದು ಫ್ರೇಮಿಗೆ ಮೂರರವರೆಗೆ ಊಹೆಯ ಫ್ರೇಮ್‌ಗಳನ್ನು ಸೇರಿಸಬಲ್ಲದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೀಗೆ ಸೇರಿದ ಫ್ರೇಮ್‌ಗಳಿಂದ ಚಿತ್ರ ನಯವಾಗಿ ಕಾಣುತ್ತದೆಯೇ ಹೊರತು ನೀವು ಬಟನ್ ಒತ್ತಿದ್ದಕ್ಕೆ ಆಟ ಬೇಗ ಸ್ಪಂದಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆ ನೋಡಿ ಕಾರ್ಡ್ ಕೊಳ್ಳುವವರು ಇದನ್ನು ಗಮನಿಸಬೇಕು.

ಹೆಡ್‌ಸೆಟ್‌ಗಳ ಒಳಗೂ ಇಂಥದೇ ಕೆಲಸ ನಡೆಯುತ್ತದೆ. ಕಂಟ್ರೋಲರ್ ಇಲ್ಲದೆ ಬರಿಗೈಯಿಂದ ಆಡುವಾಗ, ಹೆಡ್‌ಸೆಟ್‌ನ ಕ್ಯಾಮೆರಾಗಳು ಕಂಡ ಚಿತ್ರದಿಂದ ಬೆರಳಿನ ಒಂದೊಂದು ಗೆಣ್ಣೂ ಎಲ್ಲಿದೆ ಎಂದು ಊಹಿಸುವುದು ನ್ಯೂರಲ್ ನೆಟ್‌ವರ್ಕ್. ಕಣ್ಣು ಅತ್ಯಂತ ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಸುಮಾರು ಎರಡು ಡಿಗ್ರಿಯಷ್ಟನ್ನು ಮಾತ್ರ. ಹಾಗಾಗಿ 2023ರ ಪ್ಲೇಸ್ಟೇಷನ್ ವಿಆರ್2ರಂಥ ಸಾಧನಗಳು ಪಾಪೆ ಎತ್ತ ತಿರುಗಿದೆ ಎಂದು ಗುರುತಿಸಿ, ಅಲ್ಲಿ ಮಾತ್ರ ಪೂರ್ಣ ವಿವರ ಬರೆದು, ಅಂಚುಗಳಲ್ಲಿ ಶ್ರಮ ಉಳಿಸಲು ಅವಕಾಶ ಕೊಡುತ್ತವೆ. ನೀವು ಕೇಳಿದ ಎರಡು ತಂತ್ರಗಳು ನಿಜವಾಗಿ ಕೈಜೋಡಿಸಿರುವುದು ಇಂಥ ಕಡೆ.

ಗೇಮ್ ಮಾಡುವವರ ಬದುಕಿನ ಮೇಲಾಗುತ್ತಿರುವ ಪರಿಣಾಮವನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾ 2024ರ ಜುಲೈನಲ್ಲಿ ವಿಡಿಯೋ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದ್ದು ಮುಖ್ಯವಾಗಿ ಈ ವಿಷಯಕ್ಕೇ: ನಟರ ದನಿ ಮತ್ತು ಚಲನೆಯ ಪ್ರತಿರೂಪವನ್ನು ಅವರ ಒಪ್ಪಿಗೆ, ಸಂಭಾವನೆಗಳಿಲ್ಲದೆ ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಬಾರದು ಎಂದು. ಸುಮಾರು ಹನ್ನೊಂದು ತಿಂಗಳು ನಡೆದ ಮುಷ್ಕರ 2025ರಲ್ಲಿ ಒಪ್ಪಂದದೊಂದಿಗೆ ಮುಗಿಯಿತು. ಗೇಮ್ ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್ 2024ರ ಜನವರಿಯಿಂದ, ಗೇಮ್‌ನಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು ಏನಿದೆ ಎಂದು ತಿಳಿಸುವಂತೆ ತಯಾರಕರನ್ನು ಕೇಳುತ್ತಿದೆ. ಕೋಡಿನ ತಪ್ಪು ಹುಡುಕಲು ಇದರ ನೆರವು ಪಡೆಯುವುದರಲ್ಲಿ ನನಗೆ ಹಿಂಜರಿಕೆಯಿಲ್ಲ. ಆದರೆ ಒಬ್ಬ ಚಿತ್ರಕಾರನ ಶೈಲಿಯನ್ನು ಅವನಿಗೆ ಹೇಳದೆ ಯಂತ್ರಕ್ಕೆ ಉಣಿಸಿ, ಆಮೇಲೆ ಅವನನ್ನೇ ಕೆಲಸದಿಂದ ಬಿಡಿಸುವುದು ನನಗೆ ಕಳ್ಳತನದಂತೆಯೇ ಕಾಣುತ್ತದೆ.

ಹಾಗಾದರೆ ಇಡೀ ಆಟವನ್ನೇ ಯಂತ್ರ ಕನಸಿನಂತೆ ಕಟ್ಟುವ ದಿನ ಬಂದಿತೇ ಎಂದರೆ, ಪ್ರಯೋಗಗಳು ನಡೆದಿವೆ. 2024ರಲ್ಲಿ ಗೂಗಲ್ ಸಂಶೋಧಕರ ಗೇಮ್‌ಎನ್‌ಜೆನ್, ಹಳೆಯ ಡೂಮ್ ಗೇಮ್ ಅನ್ನು ಆಟದ ಎಂಜಿನ್ (ಆಟವನ್ನು ನಡೆಸುವ ಮೂಲ ಪ್ರೋಗ್ರಾಂ) ಇಲ್ಲದೆ, ಮುಂದಿನ ಫ್ರೇಮ್ ಯಾವುದಿರಬಹುದು ಎಂದು ಊಹಿಸುತ್ತಲೇ ಸೆಕೆಂಡಿಗೆ 20 ಫ್ರೇಮ್‌ಗಳಂತೆ ನಡೆಸಿತು. ಆದರೆ ಅದರ ನೆನಪು ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗೂಗಲ್‌ನದೇ ಆದ 2025ರ ಜೀನಿ 3, ಮಾತಿನಲ್ಲಿ ವಿವರಿಸಿದ ಲೋಕವನ್ನು ಸೆಕೆಂಡಿಗೆ 24 ಫ್ರೇಮ್‌ಗಳಂತೆ ಕೆಲವು ನಿಮಿಷ ಹಿಡಿದಿಟ್ಟುಕೊಳ್ಳುತ್ತದೆ. ಅದ್ಭುತವೇ ಸರಿ. ಆದರೆ ಹೆಡ್‌ಸೆಟ್ ಕೇಳುವುದು ಒಂದೊಂದು ಕಣ್ಣಿಗೂ 90. ಅಲ್ಲದೆ, ಆಟಗಾರ ಒಂದು ಗಂಟೆ ಬಿಟ್ಟು ಹಿಂದಿರುಗಿದಾಗ ತಾನು ಮುಚ್ಚಿದ ಬಾಗಿಲು ಮುಚ್ಚಿಯೇ ಇರಬೇಕು.

ಕೊನೆಯದಾಗಿ ನಿಮ್ಮ ಹೆಡ್‌ಸೆಟ್ ವಿಷಯ. ಕೊಳ್ಳುವ ಮುನ್ನ ಪರಿಚಯದವರದನ್ನು ಒಮ್ಮೆ ತಲೆಗೆ ಹಾಕಿ ನೋಡಿ. ನಿಂತಲ್ಲೇ ಆಡುವ ಗೇಮ್‌ನಿಂದ ಶುರುಮಾಡಿ, ಮೊದಲ ದಿನ ಹದಿನೈದು ನಿಮಿಷ ಸಾಕು. ಹಣೆ ಬೆವರಿ ಬಾಯಲ್ಲಿ ನೀರೂರತೊಡಗಿದರೆ ತಕ್ಷಣ ತೆಗೆದುಬಿಡಿ, ಸಹಿಸಿಕೊಂಡು ಆಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ಕೇಳಬೇಡಿ. ಹಾಗೆ ಆಡಿದ ನನಗೆ ಆಮೇಲೆ ಒಂದು ವಾರ ಹೆಡ್‌ಸೆಟ್‌ನ ರಬ್ಬರಿನ ವಾಸನೆ ಬಂದರೂ ವಾಕರಿಕೆ ಬರುತ್ತಿತ್ತು.